ತಗ್ಗು ಮಾಡಿನ ಶೆಡ್ಡಿಗೆ ಕಾರ್ ಲಿಫ್ಟ್: ಕೊಳ್ಳುವ ಮುನ್ನ ಅಳತೆ, ಕೊಂಡ ಮೇಲೆ ಲೆಕ್ಕ

ಕಳೆದ ಮಳೆಗಾಲದಲ್ಲಿ ಬನಹಟ್ಟಿಯ ನೂಲಿನ ವ್ಯಾಪಾರಿಯೊಬ್ಬರು ತಮ್ಮ ಖರೀದಿ ಬಿಲ್ಲುಗಳ ಕಟ್ಟನ್ನು ಹಿಡಿದು ನನ್ನ ಕಚೇರಿಗೆ ಬಂದಿದ್ದರು. ನೂಲು, ಬಣ್ಣ, ಲಾರಿ ಬಾಡಿಗೆಗಳ ನಡುವೆ ಎರಡು ಕಂಬದ ಕಾರ್ ಲಿಫ್ಟಿನ ಬಿಲ್ಲೊಂದು ಕಾಣಿಸಿತು. ಇದರ ಮೇಲಿನ ಸವಕಳಿಯನ್ನು ಯಾವ ದಿನಾಂಕದಿಂದ ಲೆಕ್ಕ ಹಾಕಬೇಕೆಂದು ತಿಳಿಯಲು, ಲಿಫ್ಟನ್ನು ಯಾವಾಗ ಬಳಕೆಗೆ ತಂದಿರಿ ಎಂದು ಕೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಹೇಬ್ರ, ಮಷಿನ್ ಬಂದು ನಾಲ್ಕ ತಿಂಗಳಾತು, ತಾಡಪತ್ರಿ ಹೊಚ್ಚಿ ಇಟ್ಟೇವಿ. ನಿಂದರಸಾಕ ಮ್ಯಾಲ ಜಾಗಾ ಇಲ್ಲ" ಎಂದರು.

ನಡೆದದ್ದು ಇಷ್ಟು. ಮಗ್ಗಗಳನ್ನು ಕಡಿಮೆ ಮಾಡಿದ ಮೇಲೆ ಖಾಲಿಯಾದ ಮನೆಯ ಹಿಂದಿನ ಹಳೆಯ ಶೆಡ್ಡಿನಲ್ಲಿ, ಮನೆಯ ಬೊಲೆರೊ ಮತ್ತು ಸ್ವಿಫ್ಟ್ ಕಾರುಗಳನ್ನೂ ಅಂಗಡಿಯ ಎರಡು ಸಾಗಾಣಿಕೆ ವಾಹನಗಳನ್ನೂ ತಾವೇ ದುರಸ್ತಿ ಮಾಡಿಸಿಕೊಳ್ಳುವ ಯೋಜನೆ ಅವರದು. ಮಾರಾಟಗಾರರು ದೂರವಾಣಿಯಲ್ಲಿ ಮಾಡಿನ ಎತ್ತರವನ್ನು ಕೇಳಿದಾಗ ಮಗನು ಶೆಡ್ಡಿನ ನಡುಮಧ್ಯದಲ್ಲಿ ಟೇಪು ಹಿಡಿದು 12 ಅಡಿ ಎಂದು ಹೇಳಿದನು. ಅದು ಸುಳ್ಳಲ್ಲ. ಆದರೆ ತಗಡನ್ನು ಹೊತ್ತ ಕಬ್ಬಿಣದ ಕೈಂಚಿಯ ಕೆಳ ಅಡ್ಡಪಟ್ಟಿ ಇದ್ದದ್ದು 9 ಅಡಿ 8 ಇಂಚಿಗೆ. ಬಂದ ಲಿಫ್ಟಿನ ಕಂಬಗಳನ್ನು ಮೇಲ್ಗಡೆ ಜೋಡಿಸುವ ತೊಲೆಯ ಎತ್ತರವೇ 11 ಅಡಿ 8 ಇಂಚು.

ಲೆಕ್ಕಪರಿಶೋಧಕನಿಗೆ ಲಿಫ್ಟಿನ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಇಂದು ಮನೆಗೆ ಎರಡು ವಾಹನಗಳು ಸಾಮಾನ್ಯವಾಗಿವೆ. ಮನೆಯ ಕೆಳಗಿನ ಅಂತಸ್ತಿನಲ್ಲಿ ಅಥವಾ ಹಳೆಯ ಮಗ್ಗದ ಮನೆಯಲ್ಲಿ ಚಿಕ್ಕ ಗ್ಯಾರೇಜು ಹಾಕುವವರೂ ಹೆಚ್ಚಿದ್ದಾರೆ. ಒಂದು ತಪ್ಪು ಅಳತೆಯಿಂದ ಒಂದೂವರೆ ಎರಡು ಲಕ್ಷ ರೂಪಾಯಿ ತಾಡಪತ್ರಿಯ ಕೆಳಗೆ ಮಲಗುವುದನ್ನು ನೋಡಿದ ಮೇಲೆ, ಈ ವಿಷಯವನ್ನು ಇಲ್ಲಿ ಕೊಂಚ ವಿವರವಾಗಿ ಬರೆಯುವುದು ಉಚಿತವೆಂದು ತೋರಿತು.

ಎತ್ತರದ ಲೆಕ್ಕ

ಮೊದಲು ಅಳೆಯಬೇಕಾದದ್ದು ಮಾಡಿನ ಅತಿ ಎತ್ತರದ ಜಾಗವನ್ನಲ್ಲ, ಕಾರು ಏರುವ ಜಾಗದ ಮೇಲಿರುವ ಅತಿ ತಗ್ಗಿನ ವಸ್ತುವನ್ನು. ಅದು ಕೈಂಚಿಯ ಪಟ್ಟಿಯಿರಬಹುದು, ಕಾಂಕ್ರೀಟ್ ಬೀಮ್ ಇರಬಹುದು, ಮಾಳಿಗೆ ಮನೆಯ ತೊಲೆಯಿರಬಹುದು, ಪಂಖವೋ ಟ್ಯೂಬ್‌ಲೈಟೋ ಆಗಿರಬಹುದು. ಬಾಗಿಲಿನ ರೋಲಿಂಗ್ ಶಟರಿನ ಸುರುಳಿಯನ್ನು ಮರೆಯುವವರೇ ಹೆಚ್ಚು. ನೆಲವೂ ಒಂದೇ ಮಟ್ಟದಲ್ಲಿರುವುದಿಲ್ಲ. ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ಆದ್ದರಿಂದ ನಾಲ್ಕೂ ಮೂಲೆಗಳಲ್ಲಿ ಅಳೆದು ಅತಿ ಕಡಿಮೆಯ ಸಂಖ್ಯೆಯನ್ನೇ ಹಿಡಿಯಬೇಕು.

ಆ ಸಂಖ್ಯೆಯಿಂದ ನಿಮ್ಮ ಅತಿ ಎತ್ತರದ ವಾಹನದ ಎತ್ತರವನ್ನು ಕಳೆಯಿರಿ. ಇನ್ನೂ 150 ಮಿಲಿಮೀಟರ್, ಅಂದರೆ ಆರು ಇಂಚನ್ನು ಸುರಕ್ಷತೆಗಾಗಿ ಕಳೆಯಿರಿ. ಉಳಿದದ್ದು ಕಾರನ್ನು ಏರಿಸಬಹುದಾದ ಗರಿಷ್ಠ ಎತ್ತರ. ಸ್ವಿಫ್ಟ್ ಸುಮಾರು 1,530 ಮಿಲಿಮೀಟರ್ ಎತ್ತರವಿದೆ, ವ್ಯಾಗನ್‌ಆರ್ ಸುಮಾರು 1,675, ಬೊಲೆರೊ ಸುಮಾರು 1,880. ಮಾಡು 10 ಅಡಿ, ಅಂದರೆ 3,048 ಮಿಲಿಮೀಟರ್ ಇದ್ದರೆ ಸ್ವಿಫ್ಟನ್ನು 1,368 ಮಿಲಿಮೀಟರಿನವರೆಗೆ ಏರಿಸಬಹುದು. ಬೊಲೆರೊವನ್ನು 1,018ರವರೆಗೆ ಮಾತ್ರ. ಬೊಲೆರೊದ ನೆತ್ತಿಯ ಮೇಲೆ ಸಾಮಾನು ಹೇರುವ ಕ್ಯಾರಿಯರ್ ಇದ್ದರೆ ಅದನ್ನೂ ಸೇರಿಸಿ ಅಳೆಯಬೇಕು. ನಮ್ಮ ಕಡೆ ಕ್ಯಾರಿಯರ್ ಇಲ್ಲದ ಬೊಲೆರೊ ಅಪರೂಪವೇ.

ಇನ್ನು ಕೆಲಸಗಾರನ ಎತ್ತರ. ಐದೂವರೆ ಅಡಿಯ ಮನುಷ್ಯನು ಕಾರಿನ ಅಡಿಯಲ್ಲಿ ನೆಟ್ಟಗೆ ನಿಂತು ಕೆಲಸ ಮಾಡಲು ಕಾರಿನ ತಳವು ನೆಲದಿಂದ ಸುಮಾರು 1,750 ಮಿಲಿಮೀಟರ್ ಮೇಲಿರಬೇಕು. ತಳವು ಮೊದಲೇ 170-180 ಮಿಲಿಮೀಟರ್ ಮೇಲಿರುವುದರಿಂದ ಏರಿಸಬೇಕಾದದ್ದು ಸುಮಾರು 1,570. ಈ ಲೆಕ್ಕದಂತೆ ಸ್ವಿಫ್ಟಿಗೆ 10 ಅಡಿ 8 ಇಂಚು, ಬೊಲೆರೊಗೆ 11 ಅಡಿ 10 ಇಂಚು ಮಾಡು ಬೇಕು. ಮನೆಯ ಗ್ಯಾರೇಜುಗಳಲ್ಲಿ ಇಷ್ಟು ಎತ್ತರ ಸಿಗುವುದಿಲ್ಲ. ಆದುದರಿಂದ ನಿಂತು ಕೆಲಸ ಮಾಡುವ ಆಸೆಯನ್ನು ಮೊದಲೇ ಬಿಟ್ಟರೆ ಆಯ್ಕೆ ಸುಲಭವಾಗುತ್ತದೆ. ಸ್ಟೂಲಿನ ಮೇಲೆ ಕುಳಿತು ಆಯಿಲ್ ಬದಲಿಸುವುದು, ಬ್ರೇಕ್ ನೋಡುವುದು, ಚಕ್ರ ಬಿಚ್ಚುವುದು ಇವಕ್ಕೆಲ್ಲ ಒಂದು ಮೀಟರ್ ಎತ್ತರ ಧಾರಾಳವಾಗಿ ಸಾಕು. ಗೇರ್‌ಬಾಕ್ಸ್ ಇಳಿಸುವ ಕೆಲಸ ಮನೆಯಲ್ಲಿ ಬೇಡ.

ಬಾನೆಟ್ ಅಥವಾ ಹಿಂಬಾಗಿಲನ್ನು ತೆರೆದಿಟ್ಟು ಕಾರನ್ನು ಏರಿಸುವ ಅಭ್ಯಾಸವಿದ್ದರೆ, ತೆರೆದಾಗಿನ ಎತ್ತರವನ್ನೇ ಲೆಕ್ಕಕ್ಕೆ ಹಿಡಿಯತಕ್ಕದ್ದು.

ಯಾವ ಬಗೆಯ ಲಿಫ್ಟು

ಎರಡು ಕಂಬದ ಲಿಫ್ಟಿನಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಕೇಬಲ್ ಮತ್ತು ಎಣ್ಣೆಯ ಕೊಳವೆಗಳು ಮೇಲಿನ ತೊಲೆಯ ಮೂಲಕ ಹಾಯುತ್ತವೆ. ಇದಕ್ಕೆ ಸುಮಾರು 12 ಅಡಿ ಎತ್ತರ ಬೇಕು. ಇನ್ನೊಂದರಲ್ಲಿ ಅವು ನೆಲದ ಮೇಲಿನ ಉಕ್ಕಿನ ಮುಚ್ಚಳದ ಕೆಳಗೆ ಹಾಯುತ್ತವೆ. ಕಂಬಗಳು ಸುಮಾರು ಒಂಬತ್ತೂವರೆ ಅಡಿ ಮಾತ್ರ ಇರುತ್ತವೆ. ತಗ್ಗು ಮಾಡಿಗೆಂದು ಮಾರುವುದು ಈ ಎರಡನೆಯದನ್ನೇ. ಆದರೆ ಒಂದು ಎಚ್ಚರಿಕೆ: ಮೇಲ್ತೊಲೆಯಿರುವ ಲಿಫ್ಟಿನಲ್ಲಿ ಕಾರಿನ ನೆತ್ತಿ ತೊಲೆಗೆ ತಾಗುವ ಮುನ್ನ ಮೋಟಾರನ್ನು ನಿಲ್ಲಿಸುವ ಒಂದು ಸಲಾಕೆ ಸಾಮಾನ್ಯವಾಗಿ ಇರುತ್ತದೆ. ನೆಲಮುಚ್ಚಳದ ಲಿಫ್ಟಿನಲ್ಲಿ ಅದು ಇರುವುದಿಲ್ಲ. ಕಂಬ ಗಿಡ್ಡವಾದರೂ ಅದು ಕಾರನ್ನು ಆರು ಅಡಿಯವರೆಗೆ ಎತ್ತಬಲ್ಲದು. ಮಾಡು ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ.

ನಾಲ್ಕು ಕಂಬದ ಲಿಫ್ಟಿಗೆ ಕಾರನ್ನು ಹಲಗೆಯ ಮೇಲೆ ನಡೆಸಿಕೊಂಡು ಹೋಗಬಹುದು, ನೆಲಕ್ಕೂ ಹೆಚ್ಚಿನ ತ್ರಾಸವಿಲ್ಲ. ಆದರೆ ಚಕ್ರಗಳು ಹಲಗೆಯ ಮೇಲೆಯೇ ಕೂತಿರುವುದರಿಂದ ಚಕ್ರ ಬಿಚ್ಚಲು ಬೇರೆ ಜಾಕ್ ಬೇಕು. ಒಂದು ಕಾರಿನ ಮೇಲೆ ಇನ್ನೊಂದನ್ನು ನಿಲ್ಲಿಸಲು ಇದನ್ನು ಕೊಳ್ಳುವವರಿದ್ದಾರೆ. ಎರಡು ಸ್ವಿಫ್ಟುಗಳಿಗೇ ಹಲಗೆಯ ದಪ್ಪ ಸೇರಿ ಸುಮಾರು 11 ಅಡಿ ಬೇಕಾಗುವುದರಿಂದ ತಗ್ಗು ಮಾಡಿನವರು ಆ ಮಾತನ್ನೇ ಎತ್ತಬಾರದು.

ಕತ್ತರಿಯಂತೆ ಮಡಚಿಕೊಂಡು ಏರುವ ಸಿಸರ್ ಲಿಫ್ಟು ನಮ್ಮ ಶೆಡ್ಡುಗಳಿಗೆ ಹೆಚ್ಚು ಒಗ್ಗುತ್ತದೆಂದು ನನ್ನ ಅಭಿಪ್ರಾಯ. ಮಧ್ಯಮ ಎತ್ತರದ್ದು ಕಾರನ್ನು ಒಂದರಿಂದ ಒಂದೂಕಾಲು ಮೀಟರ್ ಏರಿಸುತ್ತದೆ, ಕಂಬಗಳ ಕಾಟವಿಲ್ಲ, ಕೆಲಸವಿಲ್ಲದಾಗ ಅದರ ಮೇಲೆಯೇ ಕಾರು ನಿಲ್ಲುತ್ತದೆ. ಕಾರಿನ ನಡು ತಳವನ್ನು ಅದು ಮರೆಮಾಡುವುದರಿಂದ ಸೈಲೆನ್ಸರ್ ಕೆಲಸ ಸ್ವಲ್ಪ ಕಷ್ಟ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರನ್ನೂ ಇದರ ಮೇಲೆ ಹತ್ತಿಸಬಹುದೇ ಎಂದು ಮುಧೋಳದ ಸದಸ್ಯರೊಬ್ಬರು ಕೇಳಿದ್ದುಂಟು. ತೂಕ ತಾಳಿದರೂ ಹಿಡಿಯುವ ಜಾಗ ಹೊಂದುವುದಿಲ್ಲ. ಕಾರಿನ ಲಿಫ್ಟು ಕಾರಿಗೆ ಮಾತ್ರ.

ಲಿಫ್ಟೇ ಬೇಡ, ಗುಂಡಿ ತೋಡೋಣ ಎನ್ನುವವರೂ ಇದ್ದಾರೆ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯ್ದ ಊರಿನಲ್ಲಿ ಈ ಯೋಚನೆ ಬರುವುದು ಸಹಜವೇ. ಖರ್ಚು ಕಡಿಮೆ, ಮಾಡಿನ ಚಿಂತೆಯಿಲ್ಲ. ಆದರೆ 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಮತ್ತು ಕೃಷ್ಣಾ ನದಿಗಳ ನೆರೆ ಕಂಡ ಊರುಗಳಲ್ಲಿ, ಹಾಗೂ ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿಗೆ ಸಮೀಪದ ಜಾಗಗಳಲ್ಲಿ, ಗುಂಡಿಗೆ ಕೆಳಗಿನಿಂದಲೇ ನೀರು ಬರುವ ಭಯವಿದೆ. ಪೆಟ್ರೋಲಿನ ಆವಿ ಮತ್ತು ಎಲ್‌ಪಿಜಿ ಗಾಳಿಗಿಂತ ಭಾರವಾದವು; ಗುಂಡಿಯಲ್ಲಿ ಇಳಿದು ಕೂರುತ್ತವೆ, ಒಂದು ಕಿಡಿ ಸಾಕು. ಸಿಎನ್‌ಜಿ ಅದಕ್ಕೆ ವಿರುದ್ಧ. ಹಗುರಾದ್ದರಿಂದ ತಗ್ಗು ಮಾಡಿನ ಕೆಳಗೆ ಶೇಖರವಾಗುತ್ತದೆ. ಸಿಎನ್‌ಜಿ ಕಾರಿದ್ದವರು ಗೋಡೆಯ ಮೇಲ್ಭಾಗದಲ್ಲಿ ಗಾಳಿಕಂಡಿ ಇಡಲೇಬೇಕು.

ನೆಲ

ಎತ್ತರದ ತಪ್ಪಿನಿಂದ ಹಣ ಹೋಗುತ್ತದೆ. ನೆಲದ ತಪ್ಪಿನಿಂದ ಜೀವ ಹೋಗಬಹುದು. ಎರಡು ಕಂಬದ ಲಿಫ್ಟಿನ ಪೂರ್ತಿ ಭಾರವನ್ನು ನೆಲದಲ್ಲಿ ಕೂಡಿಸಿದ ಬೋಲ್ಟುಗಳು ಹಿಡಿದಿರುತ್ತವೆ. ತಯಾರಕರು ಸಾಮಾನ್ಯವಾಗಿ ನಾಲ್ಕರಿಂದ ಆರು ಇಂಚು ದಪ್ಪದ ಒಳ್ಳೆಯ ಕಾಂಕ್ರೀಟನ್ನು, 28 ದಿನ ನೀರುಣಿಸಿ ಗಟ್ಟಿಯಾದದ್ದನ್ನು ಕೇಳುತ್ತಾರೆ. ನಮ್ಮ ಹಳೆಯ ಶೆಡ್ಡುಗಳಲ್ಲಿ ಇರುವುದು ಪರಸಿ ಕಲ್ಲಿನ ನೆಲ. ಪರಸಿಯ ಕೆಳಗೆ ಮಣ್ಣು. ಅದರಲ್ಲಿ ಬೋಲ್ಟು ಕೂಡಿಸುವುದೆಂದರೆ ಮೊಳೆಯನ್ನು ಬೆಲ್ಲದಲ್ಲಿ ಹೊಡೆದಂತೆ.

ಎರೆ ಭೂಮಿಯ ಸ್ವಭಾವವನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಕಿದ ಕಾಂಕ್ರೀಟು ಎರಡು ವರ್ಷದಲ್ಲಿ ಸೀಳುತ್ತದೆ, ಕಂಬ ವಾಲುತ್ತದೆ. ಎರೆಯನ್ನು ತೆಗೆದು, ಗರಸು ತುಂಬಿ, ನೀರು ಹಾಕಿ ಚೆನ್ನಾಗಿ ದಮ್ಮಸು ಮಾಡಿ, ಅದರ ಮೇಲೆ ಕಬ್ಬಿಣದ ಜಾಳಿಗೆಯಿಟ್ಟು ಕಾಂಕ್ರೀಟು ಹಾಕಬೇಕು. ಎಷ್ಟು ಆಳ ತೆಗೆಯಬೇಕೆಂಬುದನ್ನು ಸ್ಥಳ ನೋಡಿದ ಎಂಜಿನಿಯರರೇ ಹೇಳಬೇಕು. ಗೌಂಡಿಯವರ ಅಂದಾಜು ಇಲ್ಲಿ ಸಾಲದು.

ವಿದ್ಯುತ್ತಿನ ಬಗ್ಗೆ ಒಂದೇ ಮಾತು. ಲಿಫ್ಟಿನ ಮೋಟಾರು ಎರಡು ಮೂರು ಅಶ್ವಶಕ್ತಿಯದು. ಸಿಂಗಲ್ ಫೇಸ್‌ನಲ್ಲಿಯೂ ಸಿಗುತ್ತದೆ, ಆದರೆ ಆರ್ಡರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು. ಮಗ್ಗಕ್ಕೆಂದು ಪಡೆದ ರಿಯಾಯಿತಿ ದರದ ಮೀಟರಿನಿಂದ ಅಥವಾ ಮನೆಯ ಮೀಟರಿನಿಂದ ತಂತಿ ಎಳೆದು ಬಾಡಿಗೆ ಗ್ಯಾರೇಜು ನಡೆಸಿದರೆ, 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೆಯ ಕಲಮಿನಂತೆ ಅನಧಿಕೃತ ಬಳಕೆಯಾಗಿ ಅನ್ವಯಿಸುವ ದರದ ಎರಡು ಪಟ್ಟು ವಸೂಲಾಗುತ್ತದೆ.

ತೆರಿಗೆಯ ಮಾತು

ಈಗ ನನ್ನ ಸ್ವಂತ ಕ್ಷೇತ್ರಕ್ಕೆ ಬರುತ್ತೇನೆ. ಲೆಕ್ಕಕ್ಕೆ ಲಿಫ್ಟಿನ ಬೆಲೆ 1,60,000 ರೂಪಾಯಿ ಎಂದಿಟ್ಟುಕೊಳ್ಳೋಣ. ಶೇ. 18ರ ಜಿಎಸ್‌ಟಿ 28,800 ಸೇರಿ 1,88,800. ಬಾಡಿಗೆಗೆ ಕೆಲಸ ಮಾಡುವ ನೋಂದಾಯಿತ ಗ್ಯಾರೇಜಿನವರು ಈ 28,800ನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದು. ರಾಜಿ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಮನೆಯ ಕಾರಿಗಾಗಿ ಕೊಂಡರೆ ಅದು ಸ್ವಂತದ ಖರ್ಚು. ತೆರಿಗೆ ವಾಪಸು ಇಲ್ಲ, ಸವಕಳಿಯೂ ಇಲ್ಲ, ಡ್ರಾಯಿಂಗ್ಸ್ ಖಾತೆಗೆ ಹೋಗುತ್ತದೆ. ಅಂಗಡಿಯ ಸರಕು ಸಾಗಿಸುವ ವಾಹನ ಮತ್ತು ಮನೆಯ ಕಾರು ಎರಡಕ್ಕೂ ಬಳಸಿದರೆ ವ್ಯಾಪಾರದ ಪಾಲಿಗೆ ಮಾತ್ರ. ಯಾವ ದಿನ ಯಾವ ವಾಹನ ಏರಿತು ಎಂಬುದಕ್ಕೆ ಒಂದು ವಹಿ ಇಟ್ಟರೆ ಪ್ರಶ್ನೆ ಬಂದಾಗ ಉತ್ತರಿಸಬಹುದು.

ಬಹಳ ಮಂದಿಗೆ ತಿಳಿಯದ ಒಂದು ಅಂಶವಿದೆ. ಯಂತ್ರವನ್ನು ಭೂಮಿಗೆ ಕೂಡಿಸುವ ತಳಪಾಯವೂ ಜಿಎಸ್‌ಟಿ ಕಾಯ್ದೆಯಲ್ಲಿ ಯಂತ್ರದ ಭಾಗವೇ ಆಗಿದೆ. ಆದ್ದರಿಂದ ಗ್ಯಾರೇಜಿನವರಿಗೆ ಆ ಕಾಂಕ್ರೀಟಿನ ತೆರಿಗೆಯೂ ವಾಪಸು ಸಿಗುತ್ತದೆ. ಆದರೆ ಲಿಫ್ಟಿಗಾಗಿ ಮಾಡನ್ನು ಎತ್ತರಿಸಿ ಆ ಖರ್ಚನ್ನು ಆಸ್ತಿಯಾಗಿ ತೋರಿಸಿದರೆ ಅದು ಕಟ್ಟಡ. ಅದರ ತೆರಿಗೆ ಸಿಗುವುದಿಲ್ಲ. ಗುತ್ತಿಗೆದಾರನು ಎರಡನ್ನೂ ಕೂಡಿಸಿ ಒಂದೇ ಬಿಲ್ಲು ಬರೆದರೆ ಬೇರ್ಪಡಿಸುವುದು ಕಷ್ಟವಾಗುತ್ತದೆ. ಬೇರೆ ಬೇರೆ ಬಿಲ್ಲು ಕೇಳಿ ಪಡೆಯಿರಿ. ಆದಾಯ ತೆರಿಗೆಯಲ್ಲಿಯೂ ಯಂತ್ರಕ್ಕೆ ಶೇ. 15, ವ್ಯಾಪಾರದ ಕಟ್ಟಡಕ್ಕೆ ಶೇ. 10 ಸವಕಳಿ. ನಮ್ಮ ಉದಾಹರಣೆಯಲ್ಲಿ ತೆರಿಗೆ ಹಿಂಪಡೆದವರಿಗೆ ಮೊದಲ ವರ್ಷ 24,000 ರೂಪಾಯಿ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ 12,000. ಬಳಕೆಗೇ ತಾರದ ಯಂತ್ರಕ್ಕೆ ಏನೂ ಇಲ್ಲ. ಬೆಲೆಯಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚನ್ನು ಒಬ್ಬರಿಗೆ ಒಂದೇ ದಿನ ನಗದಾಗಿ ಕೊಟ್ಟರೆ ಆ ಮೊತ್ತವನ್ನು ಯಂತ್ರದ ಬೆಲೆಯೆಂದು ಒಪ್ಪುವುದಿಲ್ಲ; ಬ್ಯಾಂಕಿನ ಮೂಲಕವೇ ಕೊಡಿ.

ಬನಹಟ್ಟಿಯ ವ್ಯಾಪಾರಿಗಳು ಮಾಡನ್ನು ಎತ್ತರಿಸುವ ಯೋಚನೆಯಲ್ಲಿದ್ದರು. ಅದಕ್ಕೆ ಬಂದ ಅಂದಾಜು ಪಟ್ಟಿ ಲಿಫ್ಟಿನ ಬೆಲೆಯನ್ನೇ ಮೀರಿತ್ತು. ಹಲವು ಸಲ ಮಾತನಾಡಿದ ಮೇಲೆ ಮಾರಾಟಗಾರರು ಬೆಲೆಯಲ್ಲಿ ಒಂದಷ್ಟು ಮುರಿದುಕೊಂಡು ಲಿಫ್ಟನ್ನು ವಾಪಸು ಪಡೆದರು. ಹೋಗಿಬರುವ ಬಾಡಿಗೆ ಇವರ ತಲೆಗೇ ಬಂತು. ಬಳಿಕ ಮಧ್ಯಮ ಎತ್ತರದ ಸಿಸರ್ ಲಿಫ್ಟು ತರಿಸಿದರು. ಈ ಸಲ ಪರಸಿ ಕಿತ್ತು, ಎರೆ ತೆಗೆದು, ಕಾಂಕ್ರೀಟು ಗಟ್ಟಿಯಾಗುವವರೆಗೆ ಯಂತ್ರವನ್ನು ಶೆಡ್ಡಿನ ಒಳಗೇ ಬಿಡಲಿಲ್ಲ. ಅವರ 9 ಅಡಿ 8 ಇಂಚಿನ ಪಟ್ಟಿಯ ಕೆಳಗೆ ಸ್ವಿಫ್ಟು 1,266 ಮಿಲಿಮೀಟರಿಗೆ ಏರಬಹುದು, ಬೊಲೆರೊ 916ಕ್ಕೆ. ಎರಡನ್ನೂ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆದು ವಾಹನದ ಹೆಸರು ಬರೆಸಿದ್ದಾರೆ. ಬೊಲೆರೊದ ಕ್ಯಾರಿಯರನ್ನು ಬಿಚ್ಚಿ ಮೂಲೆಗಿಟ್ಟಿದ್ದಾರೆ.