ಒತ್ತಕ್ಷರಕ್ಕೊಂದು ಎಡೆ

ಕಾಪುವಿನ ಕಡಲ ದಂಡೆಯ ಬಂಡೆಯ ಮೇಲೆ 1901ರಲ್ಲಿ ಕಟ್ಟಿ ನಿಲ್ಲಿಸಿದ ದೀಪಸ್ತಂಭ ಸುಮಾರು 27 ಮೀಟರ್ ಎತ್ತರವಾದುದು. ಕಾರ್ಕಳದ ಗುಡ್ಡದ ನೆತ್ತಿಯಲ್ಲಿ 1432ರಲ್ಲಿ ಪ್ರತಿಷ್ಠೆಗೊಂಡ ಗೊಮ್ಮಟನ ಏಕಶಿಲಾಮೂರ್ತಿ 42 ಅಡಿ, ಎಂದರೆ 13 ಮೀಟರಿಗೆ ತುಸು ಕಡಮೆ. ಅಳತೆಗೋಲಿನ ಲೆಕ್ಕದಲ್ಲಿ ಒಂದು ಇನ್ನೊಂದರ ಇಮ್ಮಡಿಗಿಂತಲೂ ಮಿಗಿಲು. ಆದರೆ ದೀಪಸ್ತಂಭವನ್ನು ದಂಡೆಯಗುಂಟ ಒಂದೂವರೆ ಕಿಲೋಮೀಟರ್ ದೂರ ಹೋಗಿ ತಿರುಗಿ ನೋಡಿದವನಿಗೂ, ಗೊಮ್ಮಟನನ್ನು ಅದರ ಅರ್ಧದಷ್ಟು ದೂರದಲ್ಲಿ ನಿಂತು ಕಂಡವನಿಗೂ ಎರಡರ ಪ್ರಮಾಣ ಒಂದೇ ಆಗಿ ತೋರುವುದು; ತೋಳನ್ನು ಪೂರ್ಣ ನೀಡಿ ಅಡ್ಡವಾಗಿ ಹಿಡಿದ ಕಿರುಬೆರಳಿನ ಹಿಂದೆ ಎರಡೂ ಹೆಚ್ಚುಕಡಮೆ ಮರೆಯಾಗುವುವು. ಕಣ್ಣಿನ ಲೆಕ್ಕದಲ್ಲಿ ಈ ಕಿರುಬೆರಳಿನ ಅಗಲ ಸುಮಾರು ಒಂದು ಡಿಗ್ರಿ. ಕಣ್ಣು ಮೀಟರುಗಳನ್ನು ಅರಿಯದು, ಕೋನಗಳನ್ನು ಮಾತ್ರ ಅರಿಯುವುದು.

ಅಕ್ಷರದ ವಿಷಯದಲ್ಲಿಯೂ ಕಣ್ಣಿನ ನ್ಯಾಯ ಇದೇ. ಅಂಗುಲದ ಎಪ್ಪತ್ತೆರಡರಲ್ಲೊಂದು ಪಾಲನ್ನು ಪಾಯಿಂಟೆಂದು ಕರೆಯುವ ಅಚ್ಚುಕೂಟದ ಮಾನದಲ್ಲಿ 14 ಪಾಯಿಂಟಿನ ಮೊಳೆಯ ಮೈ ಮೇಲಿನಿಂದ ಕೆಳಕ್ಕೆ ಸುಮಾರು 5 ಮಿಲಿಮೀಟರ್ ಇರುವುದು. ಪುಸ್ತಕವನ್ನು 40 ಸೆಂಟಿಮೀಟರ್ ದೂರದಲ್ಲಿ ಹಿಡಿದಾಗ ಅದು ಒಂದು ಡಿಗ್ರಿಯ ಹತ್ತರಲ್ಲಿ ಏಳು ಪಾಲನ್ನು ಆಕ್ರಮಿಸುವುದು. ಪುಸ್ತಕವನ್ನು ಹಿಡಿಯುವುದು ಕೈ. ಕೈಯ ಉದ್ದ ಎಲ್ಲರದೂ ಸರಿಸುಮಾರು ಒಂದೇ. ಆದುದರಿಂದ ಮುದ್ರಕರು ಕೋನದ ಗೊಡವೆಗೆ ಹೋಗದೆ ಪಾಯಿಂಟನ್ನೊಂದೇ ನೆನೆದು ಶತಮಾನಗಳನ್ನು ನಿರ್ವಿಘ್ನವಾಗಿ ಕಳೆದರು. ಕಣ್ಣಿಗೇ ಬಿಗಿದು ಕಟ್ಟಿಕೊಳ್ಳುವ ವಿ.ಆರ್. ಹೆಡ್‌ಸೆಟ್ ಎಂಬ ಯಂತ್ರ ಬಂದಮೇಲೆ ಆ ನೆಮ್ಮದಿ ಉಳಿಯಲಿಲ್ಲ. ಅದರೊಳಗಿನ ಲೋಕದಲ್ಲಿ ಫಲಕವನ್ನು ಮೂಗಿನ ತುದಿಯಲ್ಲಿಯೂ ತೂಗಬಹುದು, ಆಚೆಯ ಗುಡ್ಡದ ಮೇಲೆಯೂ ನೆಡಬಹುದು. ಪಾಯಿಂಟೆಂಬ ಮಾತಿಗೆ ಅಲ್ಲಿ ಅರ್ಥವೇ ಇಲ್ಲ.

ಈ ಸಂಗತಿ ನನ್ನ ಅನುಭವಕ್ಕೆ ಬಂದುದು ತಮ್ಮನ ಮಗಳ ದೆಸೆಯಿಂದ. ಮಣಿಪಾಲದಲ್ಲಿ ವ್ಯಾಸಂಗ ಮಾಡುತ್ತಿರುವ ಆಕೆ ಕಾರ್ಕಳದ ಚತುರ್ಮುಖ ಬಸದಿಯ ಪ್ರತಿರೂಪವೊಂದನ್ನು ಗಣಕದಲ್ಲಿ ನಿರ್ಮಿಸಿ, ಒಂದು ಭಾನುವಾರ ಹೆಡ್‌ಸೆಟ್ಟನ್ನು ಉಡುಪಿಯ ನಮ್ಮ ಮನೆಗೆ ತಂದು, ನನ್ನ ತಲೆಗೆ ತೊಡಿಸಿದಳು. ಕಲ್ಲಿನ ಬಣ್ಣ, ಕಂಬಗಳ ನೆರಳು, ಹಾಸುಗಲ್ಲಿನ ಮೇಲಿನ ಬಿಸಿಲು ಎಲ್ಲವೂ ಮನಸ್ಸನ್ನು ಹಿಡಿದು ನಿಲ್ಲಿಸುವಂತಿದ್ದುವು. ಬಾಗಿಲ ಬಳಿ ಒಂದು ಫಲಕ. ಬಸದಿಯು 1586ರಲ್ಲಿ ನಿರ್ಮಿತವಾದುದೆಂದೂ ನಾಲ್ಕು ದಿಕ್ಕಿಗೂ ಅದಕ್ಕೆ ದ್ವಾರಗಳಿರುವುವೆಂದೂ ಆಕೆ ಅದರಲ್ಲಿ ಬರೆದಿದ್ದಳು. ನಾನು ಓದಿದುದು ಬೇರೆ. ಸಾಲುಗಳ ಕೆಳಭಾಗ ಮಸುಕಿನಲ್ಲಿ ಕರಗಿಹೋಗಿ ದ್ವಾರವೆಂಬುದು ದಾರವಾಗಿತ್ತು, ದಿಕ್ಕು ದಿಕುವಾಗಿತ್ತು, ಸ್ತಂಭದ ತಕಾರವಂತೂ ಎಲ್ಲಿಯೂ ಇರಲಿಲ್ಲ.

“ದೊಡ್ಡಪ್ಪಾ, ಗಣಕದ ತೆರೆಯ ಮೇಲೆ ಎಲ್ಲ ಸರಿಯಾಗಿಯೇ ಕಾಣ್ತಿತ್ತು, ಇದರೊಳಗೆ ಹೋದ ಮೇಲೆ ಹೀಗಾಯ್ತು” ಎಂದಳು ಆಕೆ.

ಆಕೆಯ ಮಾತು ನಿಜವೇ ಆಗಿತ್ತು, ಅದರ ಕಾರಣವೂ ಲೆಕ್ಕಕ್ಕೆ ಸಿಗತಕ್ಕದ್ದಾಗಿತ್ತು. ಇಂದಿನ ಮೊಬೈಲಿನ ತೆರೆಯಲ್ಲಿ ಅಂಗುಲವೊಂದಕ್ಕೆ 400ರಷ್ಟು ಚುಕ್ಕಿಗಳಿದ್ದು, 40 ಸೆಂಟಿಮೀಟರ್ ದೂರದಿಂದ ನೋಡುವಾಗ ಕಣ್ಣಿನ ಒಂದು ಡಿಗ್ರಿಯೊಳಗೆ ಸುಮಾರು 110 ಚುಕ್ಕಿಗಳು ಬೀಳುವುವು. ನಿರೋಗಿಯಾದ ಕಣ್ಣು ಡಿಗ್ರಿಗೆ ಸುಮಾರು 60 ಚುಕ್ಕಿಗಳನ್ನು ಬಿಡಿಬಿಡಿಯಾಗಿ ಗುರುತಿಸಬಲ್ಲುದೆಂಬುದು ಸಾಮಾನ್ಯ ಗಣನೆಯಾದುದರಿಂದ ಅಲ್ಲಿ ಚುಕ್ಕಿಗಳ ದಾರಿದ್ರ್ಯವೆಂಬುದಿಲ್ಲ. ಹೆಡ್‌ಸೆಟ್ಟಿನಲ್ಲಿಯಾದರೋ ಅಂಗೈಯಗಲದ ತೆರೆಯನ್ನು ಮಸೂರದಿಂದ ಹಿಗ್ಗಿಸಿ ಇಡೀ ದಿಗಂತದಷ್ಟಕ್ಕೆ ಎಳೆಯಬೇಕಾಗಿದೆ. ಸಾಮಾನ್ಯ ಬಳಕೆಯ ಹೆಡ್‌ಸೆಟ್ಟುಗಳಲ್ಲಿ ಡಿಗ್ರಿಗೆ ದೊರೆಯುವುದು 20ರಿಂದ 25 ಚುಕ್ಕಿಗಳು. ಪುಸ್ತಕದ 14 ಪಾಯಿಂಟಿನ ಅಕ್ಷರವನ್ನು ಅದೇ ಕೋನದಲ್ಲಿ ಅಲ್ಲಿಟ್ಟರೆ, ಮೊಬೈಲಿನಲ್ಲಿ 75ಕ್ಕೂ ಮಿಕ್ಕ ಚುಕ್ಕಿಗಳ ಎತ್ತರದಲ್ಲಿ ಬಿಡಿಸಿಕೊಂಡಿದ್ದ ರೂಪ 14ರಿಂದ 18 ಚುಕ್ಕಿಗಳೊಳಗೆ ಮುದುಡಿಕೊಳ್ಳಬೇಕಾಗುವುದು.

ರೋಮನ್ ಅಕ್ಷರ ಈ ಬಡತನವನ್ನು ಹೇಗೋ ತಾಳಿಕೊಳ್ಳುತ್ತದೆ, ಏಕೆಂದರೆ ಅದು ಒಂದಂತಸ್ತಿನ ಮನೆ; ಅಲ್ಲಲ್ಲಿ ಒಂದು ಗೋಪುರ ಮೇಲಕ್ಕೇಳುವುದು, ಒಂದು ಬಾಲ ಕೆಳಗಿಳಿಯುವುದು, ಅಷ್ಟೆ. ಕನ್ನಡದ ಅಕ್ಷರ ಮೂರಂತಸ್ತಿನದು. ನಡುವೆ ಮೂಲವ್ಯಂಜನದ ಒಡಲು. ಮೇಲೆ ತಲೆಕಟ್ಟು, ಗುಡಿಸು, ಏತ್ವಗಳು. ಕೆಳಗೆ ಒತ್ತು, ಕೆಲವೊಮ್ಮೆ ‘ರಾಷ್ಟ್ರ’ದಲ್ಲಿರುವಂತೆ ಒತ್ತಿನೊಡನೆ ಇನ್ನೊಂದು ಒತ್ತು. 14 ಚುಕ್ಕಿಗಳನ್ನು ಈ ಮೂರಕ್ಕೆ ಹಂಚಿದರೆ ಒತ್ತಕ್ಷರದ ಪಾಲಿಗೆ ಬರುವುದು ನಾಲ್ಕೋ ಐದೋ. ಅಷ್ಟರಲ್ಲಿ ವಕಾರದ ಒತ್ತಿಗೂ ತಕಾರದ ಒತ್ತಿಗೂ ಭೇದವನ್ನು ತೋರಿಸುವುದು ಬ್ರಹ್ಮನಿಗೂ ಸಾಧ್ಯವಿಲ್ಲ. ಫಲಕದಲ್ಲಿ ದ್ವಾರವು ದಾರವಾದುದು ಆಕೆಯ ಅಜಾಗರೂಕತೆಯಿಂದಲ್ಲ, ಕೆಳಮನೆಯವರಿಗೆ ಎಡೆ ದೊರೆಯದುದರಿಂದ.

ಈ ಎಡೆಯ ಪ್ರಶ್ನೆ ನಮ್ಮ ಕರಾವಳಿಗೆ ಹೊಸತಲ್ಲ. ಮಂಗಳೂರಿನಲ್ಲಿ ಹೆರ್ಮನ್ ಮೊಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಬಂದಿತು, ಕಲ್ಲಚ್ಚಿನಲ್ಲಿ ಬರೆಯುವುದು ಮನುಷ್ಯನ ಕೈಯಾದುದರಿಂದ, ಒತ್ತು ಬಂದಲ್ಲಿ ಕೆಳಗಿನ ಸಾಲನ್ನು ಒಂದಿಷ್ಟು ಸರಿಸಿ ಬರೆಯುವ ವಿವೇಕ ಆ ಕೈಗಿತ್ತು. ಸೀಸದ ಮೊಳೆಗೆ ಆ ವಿವೇಕವಿಲ್ಲ. ಅದೊಂದು ಆಯತಾಕಾರದ ಕಡ್ಡಿ. ಅದರ ಮೈಯ ಎತ್ತರದೊಳಗೇ ಒತ್ತು ಗುಡಿಸುಗಳೆಲ್ಲ ಅಡಗಬೇಕು. ಕಿಟ್ಟೆಲ್ಲರ ಮಹಾಕೋಶ 1894ರಲ್ಲಿ ಬಾಸೆಲ್ ಮಿಷನ್ನಿನ ಅಚ್ಚುಕೂಟದಿಂದ ಹೊರಬಂದಾಗಲೂ, 1941ರಲ್ಲಿ ಮಣಿಪಾಲದಲ್ಲಿ ಪವರ್ ಪ್ರೆಸ್ಸು ಆರಂಭವಾದಾಗಲೂ, ಮೊಳೆ ಜೋಡಿಸುವವರು ನೂರಾರು ಬಗೆಯ ಮೊಳೆಗಳ ಗೂಡುಗಳೆದುರು ನಿಂತು ಸೆಣಸಿದುದು ಈ ಆಯತದೊಡನೆಯೇ. ಸೀಸ ಹೋಯಿತು, ಆಯತ ಉಳಿಯಿತು. ಇಂದಿನ ಗಣಕದ ಸಾಲಿಗೆ ಮೇಲೆ ಕೆಳಗೆ ಬಿಡುವ ಅಂತರವನ್ನು ರೋಮನ್ ಅಕ್ಷರವನ್ನು ಮುಂದಿಟ್ಟುಕೊಂಡೇ ಗೊತ್ತುಮಾಡಿರುವುದರಿಂದ, ಕನ್ನಡದ ಒತ್ತುಗಳು ಒಮ್ಮೆ ಕತ್ತರಿಸಿಹೋಗುವುವು, ಒಮ್ಮೆ ಕೆಳಗಿನ ಸಾಲಿನ ಗುಡಿಸಿನ ಮೇಲೆ ಬಿದ್ದು ಎರಡೂ ಕೆಡುವುವು.

ಫಾಂಟನ್ನು ಆಯುವವರು ಮೊದಲು ಪರೀಕ್ಷಿಸುವುದು ಅಕಾರದಿಂದ ಳಕಾರದ ವರೆಗಿನ ವರ್ಣಮಾಲೆಯನ್ನು. ಅದು ಸಾಲದು, ಅಷ್ಟರಲ್ಲಿ ಯಾವ ಫಾಂಟೂ ಸೋಲುವುದಿಲ್ಲ. ನಮ್ಮ ಸುತ್ತಣ ಊರ ಹೆಸರುಗಳೇ ಅದಕ್ಕಿಂತ ಕಠಿನವಾದ ಪರೀಕ್ಷಕರು. ಕಾಪು ಎಂದು ಬರೆದು ನೋಡಿ. ವಕಾರದ ನೆತ್ತಿ ಮುಚ್ಚಿದೆ, ಪಕಾರದ ನೆತ್ತಿಯಲ್ಲಿ ಬಲಗಡೆ ಒಂದು ತೆರಪಿದೆ. ಚುಕ್ಕಿಗಳ ಕೊರತೆಯಿಂದ ಆ ತೆರಪು ತುಂಬಿಕೊಂಡಿತೆಂದರೆ ಕಾಪು ಕಾವುವಾಯಿತು. ಅಲ್ಲದೆ ಈ ಎರಡು ಅಕ್ಷರಗಳಿಗೆ ಕೊಂಬನ್ನು ಕೊಡುವಾಗ, ಇತರ ವ್ಯಂಜನಗಳಿಗೆ ಕೊಟ್ಟಂತೆ ಬಲಮಗ್ಗುಲಲ್ಲಿ ಕೊಟ್ಟರೆ ಮಕಾರದ ಭ್ರಾಂತಿಯುಂಟಾಗುವುದೆಂದು ನಮ್ಮ ಹಿಂದಿನ ಲಿಪಿಕಾರರು ಅದನ್ನು ಕೆಳಕ್ಕಿಳಿಸಿ ಬರೆದರು. ಎಷ್ಟು ಸೂಕ್ಷ್ಮವಾದ ವಿವೇಚನೆ! ಆ ಕೆಳಗಿಳಿದ ಕೊಂಬಿಗೂ ಎಡೆ ಬೇಕು. ಉಡುಪಿಯಲ್ಲಿ ಡಕಾರವಿದೆ; ಅದರ ಹೊಟ್ಟೆ ಸೀಳಿದರೆ ಢಕಾರ. ದಕಾರ ಧಕಾರಗಳಿಗೂ ಅಷ್ಟೇ ಅಂತರ. ಥಕಾರಕ್ಕೆ ಒಡಲೊಳಗೊಂದು ಬೊಟ್ಟು ಹೆಚ್ಚು. ಮಹಾಪ್ರಾಣದ ಪ್ರಾಣವೆಲ್ಲ ಒಂದು ಸೀಳಿನಲ್ಲಿದೆ.

ಕಾರ್ಕಳವೆಂಬ ಹೆಸರಾದರೋ ಯಂತ್ರದ ಬುದ್ಧಿಯನ್ನೇ ಒರೆಹಚ್ಚುವಂಥದು. ಅಲ್ಲಿ ರೇಫವನ್ನು ಕಕಾರಕ್ಕಿಂತ ಮೊದಲು ಉಚ್ಚರಿಸುತ್ತೇವೆ, ಅರ್ಕಾವೊತ್ತಾಗಿ ಕಕಾರದ ಬಳಿಕ ಬರೆಯುತ್ತೇವೆ. ಯಂತ್ರ ಯಾವುದನ್ನು ನೆನಪಿಡಬೇಕು, ಕಿವಿಯ ಕ್ರಮವನ್ನೋ ಕಣ್ಣಿನ ಕ್ರಮವನ್ನೋ? ಈ ಪ್ರಶ್ನೆಗೆ ಕಿವಿಯೆಂದು ದೃಢವಾಗಿ ಉತ್ತರಿಸಿದವರಲ್ಲಿ ನಮ್ಮವರೇ ಆದ ಕೆ. ಪಿ. ರಾವ್ ಅಗ್ರಗಣ್ಯರು. ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದು, ಮಣಿಪಾಲದ ಪರಿಸರದಲ್ಲಿ ನೆಲೆನಿಂತ ಅವರು ರೂಪಿಸಿದ ಕೀಲಿಮಣೆಯಲ್ಲಿ, ಇಂಗ್ಲಿಷಿನ 26 ಕೀಲಿಗಳೇ ಕನ್ನಡದ ಸಮಸ್ತ ಧ್ವನಿಗಳಿಗೂ ಸಾಕು. ಕಾರ್ಕಳಕ್ಕೆ ಒತ್ತಬೇಕಾದುದು ಆರು ಕೀಲಿ: ಕ, ಇಳಿ, ರ, ಎಫ್ ಎಂಬ ಬೆಸುಗೆಯ ಕೀಲಿ, ಮತ್ತೆ ಕ, ಳ. ಒತ್ತಕ್ಷರವೆಂಬುದು ಸಂಗ್ರಹಿಸಿಡಬೇಕಾದ ಬೇರೊಂದು ಆಕೃತಿಯಲ್ಲ, ಎರಡು ವ್ಯಂಜನಗಳ ನಡುವಣ ಸಂಬಂಧ. ಅದರ ರೂಪವನ್ನು ಕಟ್ಟುವ ಹೊಣೆ ಯಂತ್ರದ್ದು. ಮಣಿಪಾಲದಲ್ಲಿ ಬಾಳಿದ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನೇ ರಾವ್ ತಮ್ಮ ತಂತ್ರಾಂಶಕ್ಕೆ ಇಟ್ಟರೆಂಬುದು ನನಗೆ ಬಹು ಸಂತೋಷದ ವಿಷಯ. ಯುನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳಲ್ಲಿಯೂ ಒತ್ತುಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ಅಲ್ಲಿ ಕಾರ್ಕಳ ಅವೇ ಆರು ಸಂಕೇತಗಳು. ಆದುದರಿಂದ ಅರ್ಕಾವೊತ್ತು ತನ್ನ ಸ್ಥಾನಕ್ಕೆ ಹೋಗಿ ಕೂಡುವುದು ಫಾಂಟಿನೊಳಗಿನ ನಿಯಮಗಳಿಂದ ಮತ್ತು ಅವನ್ನು ಓದಿ ನಡೆಸುವ ತಂತ್ರಾಂಶದಿಂದ. ಹೊಸ ಲೋಕಗಳನ್ನು ಕಟ್ಟುವ ಕೆಲವು ತಂತ್ರಾಂಶಗಳಿಗೆ ಈ ವಿದ್ಯೆ ಬಾರದೆ, ಅವು ರ್ ಎಂದೂ ಕ ಎಂದೂ ಬಿಡಿಬಿಡಿಯಾಗಿ ಉದುರಿಸುವುವು. ಅಂಥಲ್ಲಿ ಫಾಂಟು ಎಷ್ಟು ಸುಂದರವಾಗಿದ್ದರೂ ವ್ಯರ್ಥ.

ರೂಪ ಕೂಡಿಬಂದ ಬಳಿಕವೂ ಇನ್ನೊಂದು ಗಂಡಾಂತರ ಉಂಟು. ಹೆಡ್‌ಸೆಟ್ ತೊಟ್ಟವನ ತಲೆ ಒಂದು ಕ್ಷಣವೂ ನಿಶ್ಚಲವಾಗಿರುವುದಿಲ್ಲವಾದುದರಿಂದ ಫಲಕವನ್ನು ಯಂತ್ರ ಪ್ರತಿಕ್ಷಣವೂ ಹೊಸ ಓರೆಯಲ್ಲಿ, ಹೊಸ ದೂರದಲ್ಲಿ ಬಿಡಿಸಬೇಕು. ಸಾಮಾನ್ಯ ಚಿತ್ರದಂತೆ ಅಕ್ಷರವನ್ನು ಶೇಖರಿಸಿಟ್ಟರೆ ಹತ್ತಿರಕ್ಕೆ ಹೋದೊಡನೆ ಅಂಚು ಮೆಟ್ಟಿಲುಗಟ್ಟುವುದು. ಇದಕ್ಕೆ ವಾಲ್ವ್ ಸಂಸ್ಥೆಯ ಕ್ರಿಸ್ ಗ್ರೀನ್ 2007ರಲ್ಲಿ ಪ್ರಕಟಿಸಿದ ಉಪಾಯ ಬಹು ರಮ್ಯವಾದುದು: ಪ್ರತಿಯೊಂದು ಚುಕ್ಕಿಯಲ್ಲಿಯೂ ಕಪ್ಪು ಬಿಳಿಪನ್ನು ಬರೆದಿಡುವ ಬದಲು, ಆ ಚುಕ್ಕಿಯಿಂದ ಅಕ್ಷರದ ಅಂಚಿಗೆ ಎಷ್ಟು ದೂರವೆಂಬುದನ್ನು ಬರೆದಿಡುವುದು. ದೂರ ಸೊನ್ನೆಯಾಗುವ ಬಿಂದುಗಳನ್ನು ಕೂಡಿಸಿದರೆ ಅಂಚು ಯಾವ ಗಾತ್ರದಲ್ಲಿಯೂ ನುಣುಪಾಗಿ ದೊರೆಯುವುದು. ಈ ಉಪಾಯದಲ್ಲಿ ಚೂಪಾದ ಮೂಲೆಗಳು ಮೊಂಡಾಗುವುವು. ರೋಮನ್ ಅಕ್ಷರಕ್ಕೆ ಅದೊಂದು ನಷ್ಟ. ತಾಳೆಗರಿಯ ಎಳೆ ಸೀಳದಿರಲೆಂದು ಗುಂಡಗಾದುದೆಂದು ಹೇಳುವ ನಮ್ಮ ಲಿಪಿಗೆ ಕಳೆದುಕೊಳ್ಳಲು ಮೂಲೆಗಳೇ ಅಲ್ಪ. ಆದರೆ ಶೇಖರದ ಚುಕ್ಕಿಗಿಂತ ಕಿರಿದಾದ ಸೀಳು ಅಲ್ಲಿ ಮುಚ್ಚಿಹೋಗುವುದು. ಮಹಾಪ್ರಾಣಕ್ಕೆ ಅದು ಮಾರಕ. ಶೇಖರದ ಚಿತ್ರ ರೋಮನ್ನಿಗೆ ಸಾಕಾದುದಕ್ಕಿಂತ ಹಿರಿದಾಗಿರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಇನ್ನು ಫಾಂಟಿನ ಆಯ್ಕೆ. ದಪ್ಪ ಸಣ್ಣಗಳ ಏರಿಳಿತವುಳ್ಳ ಪುಸ್ತಕದ ಅಕ್ಷರ ಕಾಗದದ ಮೇಲೆ ನನಗೆ ಅತ್ಯಂತ ಪ್ರಿಯವಾದುದಾದರೂ, ಅದರ ಕೂದಲೆಳೆಯಂತಹ ರೇಖೆಗಳು ಹೆಡ್‌ಸೆಟ್ಟಿನಲ್ಲಿ ತಲೆಯಾಡಿದಂತೆಲ್ಲ ಮಿನುಗಿ ಮಾಯವಾಗುವುವು. ರೇಖೆಯ ದಪ್ಪ ಎಲ್ಲೆಡೆಯೂ ಸಮವಾಗಿರುವ, ಸೀಳುಗಳು ವಿಶಾಲವಾಗಿರುವ, ಒತ್ತುಗಳು ಹೆಚ್ಚು ಕುಗ್ಗದಿರುವ ಅಕ್ಷರ ಅಲ್ಲಿಗೆ ಯೋಗ್ಯ. ನೋಟೋ ಸಾನ್ಸ್ ಕನ್ನಡದ ನಡುದಪ್ಪದ ರೂಪ ಈ ಕೆಲಸಕ್ಕೆ ಒಪ್ಪುವುದು. ‘ಬಾಲೂ ತಮ್ಮ’ ಎಂಬ ಫಾಂಟು ಶೀರ್ಷಿಕೆಗೆ ಚೆನ್ನ, ದೀರ್ಘವಾಚನಕ್ಕಲ್ಲ. ಅಚ್ಚ ಬಿಳಿಯ ಅಕ್ಷರವನ್ನು ಕಡುಗಪ್ಪಿನ ಮೇಲೆ ಇಡಬಾರದು. ಮಸೂರದಲ್ಲಿ ಬೆಳಕು ಚೆಲ್ಲಿ ಸೀಳುಗಳನ್ನು ತುಂಬುವುದು.

ಗಾತ್ರವನ್ನು ನಾವಿಬ್ಬರೂ ಕುಳಿತು ಹೀಗೆ ಗುಣಿಸಿದೆವು. ಒತ್ತಿಗೆ ಹತ್ತು ಚುಕ್ಕಿಗಳಾದರೂ ಬೇಕು, ಮೂರಂತಸ್ತಿಗೆ ಮೂವತ್ತು, ಡಿಗ್ರಿಗೆ ಇಪ್ಪತ್ತರಂತೆ ಅದು ಒಂದೂವರೆ ಡಿಗ್ರಿ. ಒಂದು ಮೀಟರ್ ದೂರದಲ್ಲಿ ಕಾಣುವ ಒಂದು ಮಿಲಿಮೀಟರನ್ನೇ ಕೋನದ ಮಾನವಾಗಿಸಿ ಗೂಗಲ್ ಸಂಸ್ಥೆಯ ವಿನ್ಯಾಸಕಾರರು 2017ರಲ್ಲಿ ಮುಂದಿಟ್ಟ ಲೆಕ್ಕದಲ್ಲಿ ಇದು 26 ಆಗುವುದು. ಎಂದರೆ ಎರಡು ಮೀಟರ್ ದೂರದ ಫಲಕದಲ್ಲಿ ಗುಡಿಸಿನ ತುದಿಯಿಂದ ಒತ್ತಿನ ಬುಡದ ವರೆಗೆ 52 ಮಿಲಿಮೀಟರ್, ಮೂರು ಬೆರಳಿನಗಲ. ಫಲಕ ಅಷ್ಟು ದೊಡ್ಡದಾದರೆ ಬಸದಿಯ ಕಂಬ ಮರೆಯಾಗುವುದೆಂದು ಆಕೆಗೆ ಸಂಕಟ. ಕೊನೆಗೆ ಮಾತನ್ನೇ ಕಡಮೆ ಮಾಡಿ, ಹನ್ನೊಂದು ಸಾಲನ್ನು ನಾಲ್ಕಕ್ಕಿಳಿಸಿ, ಸಾಲುಗಳ ನಡುವೆ ಒತ್ತೊಂದು ಸುಖವಾಗಿ ಕೂಡುವಷ್ಟು ತೆರಪು ಬಿಟ್ಟಳು. ನೋಡುವವನು ಹಿಂದೆ ಸರಿದಷ್ಟೂ ಫಲಕ ಹಿಗ್ಗುತ್ತ, ಕಣ್ಣಿಗೆ ಅದೇ ಕೋನವನ್ನು ಕಾಯ್ದುಕೊಳ್ಳುವಂತೆಯೂ ಮಾಡಿದಳು.

ಸಂಜೆ ಮತ್ತೆ ತೊಟ್ಟು ನೋಡಿದೆ. ದ್ವಾರದ ವಕಾರ ದಕಾರದ ಅಡಿಯಲ್ಲಿ ನಿಚ್ಚಳವಾಗಿ ನಿಂತಿತ್ತು. ಚತುರ್ಮುಖದ ಅರ್ಕಾವೊತ್ತು ಮಕಾರದ ಬಲಕ್ಕೆ ಅಂಟಿಕೊಂಡಿತ್ತು. ಗರ್ಭಗೃಹದೊಳಗೆ ತೀರ್ಥಂಕರರ ಹೆಸರಿನ ಫಲಕಗಳನ್ನು ಆಕೆ ಇನ್ನೂ ಬರೆಯಬೇಕಾಗಿದೆ. ಅಲ್ಲಿ ಮಲ್ಲಿನಾಥನಿಗೊಂದು ಲಕಾರದ ಒತ್ತು, ಮುನಿಸುವ್ರತನಿಗೊಂದು ರಕಾರದ ಒತ್ತು. ಒಳಗಿನ ಬೆಳಕೂ ಹೊರಗಿನಷ್ಟಿಲ್ಲ.