ಪೋಲೀಸರಿಗೂ ಪುನಃಪಾಠ

ನೌಕರಿಗೆ ಸೇರಿದ ಮೇಲೆ ಪುಸ್ತಕವೇಕೆ ಎಂದು ಕೇಳುವವರುಂಟು. ಪೋಲೀಸರ ಮಟ್ಟಿಗೆ ಇದಕ್ಕೆ ಉತ್ತರ 2024ರ ಜುಲೈ 1ರಂದು ದೊರೆಯಿತು. ಅಂದು 1860ರ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿತು. ಕೊಲೆಯ 302ನೆಯ ಕಲಮು 103 ಆಯಿತು. ಕಲಬುರಗಿ ಬಳಿಯ ನಾಗನಹಳ್ಳಿಯ ಪೋಲೀಸ್ ತರಬೇತಿ ಕಾಲೇಜಿನಲ್ಲಿ ಹಿಂದೆ ಕಲಿತುಹೋದವರೂ ಮತ್ತೆ ಕಲಿಯಬೇಕಾಯಿತು.

ಅಂಕಿಗಳೊಡನೆ ಕ್ರಮವೂ ಬದಲಾಗಿದೆ. ನನ್ನೂರು ಇಜೇರಿಯ ರೈತನೊಬ್ಬನ ಹಣ ಕಲಬುರಗಿಯಲ್ಲಿ ಕಳುವಾಯಿತೆನ್ನಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಮೇರೆಗೆ ಅವನು ಊರಿಗೆ ಮರಳಿಯೂ ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ಇದನ್ನರಿಯದೆ ಠಾಣೆಯವರು ‘ಇದು ನಮ್ಮ ಹದ್ದಲ್ಲ’ ಎಂದು ತಿರುಗಿ ಕಳಿಸಿದರೆ, ಅವರು ಓದದ ಪಾಠಕ್ಕೆ ದಂಡ ತೆರುವವನು ಆ ಬಡ ರೈತನೇ.