ಮೀನಿಗೆ ಹಾಕುವ ಮೇವೇ ತೋಟದ ತಕ್ಕಡಿ

ಮಣ್ಣಿಲ್ಲದೆ ತರಕಾರಿ ಬೆಳೆಯಬಹುದೇ? ಗಾಝಾದ ಮಹಿಳೆಯರು ಬೆಳೆದು ತೋರಿಸಿದ್ದರು. ದಿಗ್ಬಂಧನಕ್ಕೊಳಗಾದ ಆ ಪುಟ್ಟ ಪ್ರದೇಶದಲ್ಲಿ ಕೃಷಿಭೂಮಿ ಕಡಿಮೆ, ಬಾವಿ ನೀರೂ ಉಪ್ಪು. 2010ರ ದಶಕದ ಆರಂಭದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು, ಮಹಿಳೆಯರೇ ಸಂಸಾರದ ಹೊಣೆ ಹೊತ್ತಿದ್ದ ಬಡ ಕುಟುಂಬಗಳ ತಾರಸಿಗಳಲ್ಲಿ ಅಕ್ವಾಪೋನಿಕ್ಸ್ ತೊಟ್ಟಿಗಳನ್ನು ಇರಿಸಿತು. ಒಂದು ತೊಟ್ಟಿಯಲ್ಲಿ ಮೀನು, ಇನ್ನೊಂದರಲ್ಲಿ ತರಕಾರಿ, ಎರಡರ ನಡುವೆ ಸುತ್ತುವ ಒಂದೇ ನೀರು. 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಯುದ್ಧದಲ್ಲಿ ಗಾಝಾದ ಬಹುಪಾಲು ಕಟ್ಟಡಗಳು ಹಾನಿಗೊಳಗಾದವು. ಆದರೆ ಆ ತಾರಸಿಗಳಲ್ಲಿ ಬೆಳೆದ ವಿದ್ಯೆ ನಮಗೂ ಉಪಯುಕ್ತ.

ಮೀನು ತನ್ನ ಕಿವಿರುಗಳಿಂದ ಅಮೋನಿಯಾವನ್ನು ಹೊರಹಾಕುತ್ತದೆ. ಅದು ಹೆಚ್ಚಾದರೆ ಮೀನಿಗೇ ವಿಷ. ಜಲ್ಲಿಕಲ್ಲುಗಳ ಮೇಲೆ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡಾ ಮೀನಿಗೆ ಅಪಾಯಕಾರಿ. ನೈಟ್ರೇಟ್ ಮಾತ್ರ ಗಿಡಕ್ಕೆ ಒಳ್ಳೆಯ ಆಹಾರ. ಗಿಡ ಅದನ್ನು ಹೀರಿಕೊಂಡಾಗ ನೀರು ತಿಳಿಯಾಗಿ ಮೀನಿಗೆ ಮರಳುತ್ತದೆ. ಒಂದು ಜೀವಿಯ ಕಸ ಇನ್ನೊಂದರ ಅನ್ನವಾಗುವ ಈ ಏರ್ಪಾಡು ಸೃಷ್ಟಿಕರ್ತನ ಯುಕ್ತಿಗೆ ಸಾಕ್ಷಿ.

ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆದ್ದರಿಂದ ಮೊದಲ ದಿನವೇ ತೊಟ್ಟಿ ತುಂಬಾ ಮೀನು ಬಿಡಬಾರದು.

ಇನ್ನು ಲೆಕ್ಕಾಚಾರ. ಒಂದು ಚದರ ಮೀಟರ್ ಸೊಪ್ಪಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಮೇವು ಸಾಕು. ಟೊಮೆಟೊ, ಬದನೆಯಂತಹ ಕಾಯಿ ಬಿಡುವ ಗಿಡಗಳಿಗೆ 50ರಿಂದ 80 ಗ್ರಾಂ. ಬೆಳೆಯುತ್ತಿರುವ ಮೀನು ದಿನವೊಂದಕ್ಕೆ ತನ್ನ ತೂಕದ ಶೇ. 1ರಿಂದ 2ರಷ್ಟು ತಿನ್ನುತ್ತದೆ. ಅಂದರೆ 50 ಗ್ರಾಂ ಮೇವು ಖರ್ಚಾಗಲು ಎರಡೂವರೆಯಿಂದ ಐದು ಕಿಲೋ ಮೀನು ಬೇಕು. ಕಣ್ಣಳತೆ ಬೇಡ, ತೂಕ ಮಾಡಿಯೇ ಹಾಕಿ. ಅರ್ಧ ಗಂಟೆಯಲ್ಲಿ ತಿಂದು ಮುಗಿಸದೆ ಉಳಿದದ್ದನ್ನು ತೆಗೆದುಬಿಡಿ. ಅದು ಕೊಳೆತರೆ ಅಮೋನಿಯಾ ಏರುತ್ತದೆ.

ಅಮೋನಿಯಾ ಅಥವಾ ನೈಟ್ರೈಟ್ ಲೀಟರಿಗೆ 1 ಮಿಲಿಗ್ರಾಂ ದಾಟಿದರೆ ಮೇವು ನಿಲ್ಲಿಸಿ, ಸ್ವಲ್ಪ ನೀರು ಬದಲಿಸಿ. ನೈಟ್ರೇಟ್ ಏರುತ್ತಲೇ ಹೋದರೆ ಗಿಡಗಳು ಸಾಲದು ಎಂದರ್ಥ. ಎಳೆ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿದ್ದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಮೀನಿನ ಮೇವಿನಲ್ಲಿ ಗಿಡಕ್ಕೆ ಬೇಕಾದಷ್ಟು ಕಬ್ಬಿಣ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಇರುವುದಿಲ್ಲ. ಅವನ್ನು ಬೇರೆಯಾಗಿ ಸೇರಿಸಬೇಕು. ಕೀಟನಾಶಕ ಮಾತ್ರ ಬೇಡವೇ ಬೇಡ, ಅದು ಮೀನನ್ನು ಕೊಲ್ಲುತ್ತದೆ.

ಪವಿತ್ರ ಕುರ್‌ಆನಿನ ಅರ್ರಹ್ಮಾನ್ ಅಧ್ಯಾಯವು ತಕ್ಕಡಿಯನ್ನು ನೆನಪಿಸುತ್ತದೆ. ಅನ್ನಕ್ಕೆ ಉಪ್ಪನ್ನು ಅಳೆದು ಹಾಕುವ ಗೃಹಿಣಿಗೆ ಆ ಪಾಠ ಹೊಸದಲ್ಲ. ಮೀನಿನ ಮೇಲಿನ ಮಮತೆಯಿಂದ ಹಾಕಿದ ಒಂದು ಹಿಡಿ ಹೆಚ್ಚಿನ ಮೇವು ಮೀನು, ಗಿಡ ಎರಡನ್ನೂ ಕಳೆಯಬಲ್ಲದು.